ನನ್ನದಲ್ಲದ ಉಡಿ

1996ರ ಬೇಸಿಗೆ ರಜೆ. ಆಗ ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗೆಳತಿ ಪದ್ಮಾ ಅದೇ ಶಾಲೆಯಲ್ಲಿ ಹಿಂದಿ ಶಿಕ್ಷಕಿ. ದಿನಾಲೂ ಭೋಜದಿಂದ ಬಸ್ಸಿನಲ್ಲಿ ಬಂದು ಹೋಗುವವಳು. ಅವರದು ಜೈನ ಮನೆತನ. ಅವಳ ತಾಯಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಆ ಬಟ್ಟೆಯನ್ನು ಒಂದಿಷ್ಟು ನೀರಿನಲ್ಲಿ ಜಾಲಾಡಿ, ಆ ನೀರನ್ನು ತಿರುಗಿ ಬಾವಿಗೇ ಬಿಟ್ಟು ಬರುತ್ತಿದ್ದರು. ಬಟ್ಟೆಯಲ್ಲಿ ಉಳಿದ ಜೀವಗಳು ತಮ್ಮ ಜಾಗಕ್ಕೆ ಹೋಗಲಿ ಎಂದು. "ಯಾವ ಜೀವ? ಒಂದೂ ಕಾಣಂಗಿಲ್ಲಲ್ಲ?" ಎಂದು ಪದ್ಮಾ ಸಣ್ಣವಳಿದ್ದಾಗಿನಿಂದಲೂ ಕೇಳುತ್ತಿದ್ದಳಂತೆ.

ಒಂದು ದಿನ ನಾನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಅವಳಿಗೆ ಬಾವಿ ನೀರಿನ ಒಂದು ಹನಿ ತೋರಿಸಿದೆ. ಗಂಟೆ ಬಾರಿಸಿದರೂ ಅವಳು ಅದರಿಂದ ಕಣ್ಣು ಕೀಳಲಿಲ್ಲ. "ಅಯ್ಯ ಶೋಭಾ, ಒಳಗ ಎಷ್ಟ ಗಡಿಬಿಡಿ ನಡದೈತಿ!" ಅಂದಳು. ಅಲ್ಲಿಂದ ಹಿಡಿಯಿತು ಹುಚ್ಚು. ಲಕ್ಷದ್ವೀಪದ ಒಂದು ಸಣ್ಣ ದ್ವೀಪದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಕರೆದುಕೊಂಡು ಹೋಗುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೇ ತಡ, ಆ ತುಂಡನ್ನು ಕತ್ತರಿಸಿ ತಂದು ನನ್ನ ಮುಂದೆ ಹಿಡಿದಳು.

ಅವಳಿಗೆ ಈಜು ಬರುತ್ತಿರಲಿಲ್ಲ. ನಾನೋ ತೆಲಸಂಗದವಳು. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ನಮ್ಮ ಹೊಲದ ಬಾವಿಯಲ್ಲಿ ಈಜು ಕಲಿತವಳು. ಉಸಿರು ಬಿಗಿಹಿಡಿದು ತಳಕ್ಕೆ ಹೋಗಿ, ಮುಟ್ಟಿದ್ದಕ್ಕೆ ಸಾಕ್ಷಿ ಎಂದು ಮುಷ್ಟಿ ಕೆಸರು ತಂದು ತೋರಿಸುವ ಆಟದಲ್ಲಿ ನನ್ನ ಅಣ್ಣಂದಿರನ್ನೂ ಸೋಲಿಸಿದ್ದೆ. ಆ ಜಂಬ ನನಗೆ ಮದುವೆಯಾಗಿ ಮಗ ಹುಟ್ಟಿದ ಮೇಲೂ ಇಳಿದಿರಲಿಲ್ಲ.

ನನ್ನ ಯಜಮಾನರು ಮಗನನ್ನು ನೋಡಿಕೊಳ್ಳಲು ಒಪ್ಪಿದರು. ಪದ್ಮಾಳ ತಾಯಿಯನ್ನು ಒಪ್ಪಿಸಲು ನಾನೇ ಭೋಜಕ್ಕೆ ಹೋದೆ. ಅವರನ್ನು ನಾನು ಕಾಕೂ ಎನ್ನುತ್ತಿದ್ದೆ. ಎಲ್ಲ ಕೇಳಿಕೊಂಡು ಅವರು, "ನಿನ್ನ ಮ್ಯಾಲ ಹಾಕೇನಿ ನೋಡವಾ. ಹೆಂಗ ಕರಕೊಂಡ ಹೊಂಟಿ, ಹಂಗ ಕರಕೊಂಡ ಬಾ. ಮತ್ತ ಅಲ್ಲಿ ಯಾವ ಜೀವಕ್ಕೂ ಕೈ ಹಚ್ಚಬ್ಯಾಡ್ರಿ" ಅಂದರು. "ಕಾಳಜಿ ಬ್ಯಾಡ್ರಿ ಕಾಕೂ, ನಾ ಇರ್ತೇನಲ್ಲ" ಎಂದು ಎದೆ ತಟ್ಟಿಕೊಂಡು ಬಂದೆ.

ಬೆಳಗಾವಿಯ ಒಂದು ತಂಡದ ಜೊತೆ ರೈಲಿನಲ್ಲಿ ಕೊಚ್ಚಿಗೆ, ಅಲ್ಲಿಂದ ಹಡಗಿನಲ್ಲಿ ದ್ವೀಪಕ್ಕೆ. ಹಡಗಿನ ನಳದ ನೀರನ್ನೂ ಪದ್ಮಾ ತನ್ನ ಬಟ್ಟೆಯಲ್ಲಿ ಸೋಸಿಯೇ ಕುಡಿದಳು. ಸುತ್ತಲೂ ಅಷ್ಟು ನೀರು ನೋಡಿ, "ಇದನ್ನೆಲ್ಲಾ ಸೋಸಾಕ ಎಷ್ಟ ಬಟ್ಟಿ ಬೇಕಾದೀತು ಬೇ?" ಎಂದು ನಾನು ಕಾಡಿಸಿದೆ.

ಅಲ್ಲಿ ಕಲಿಸುವವರು ದ್ವೀಪದವರೇ, ನಡುವಯಸ್ಸಿನ ಶಾಂತ ಮನುಷ್ಯ. ಅವರ ಹಿಂದಿ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಪದ್ಮಾ ಹೇಳುತ್ತಿದ್ದಳು. "ಏನ ಆದರೂ ಉಸರ ಹಿಡೀಬಾರದಂತ. ತಗೋತ ಇರೋದು, ಬಿಡ್ತ ಇರೋದು. ಮತ್ತ ಏನೂ ಮುಟ್ಟಬಾರದಂತ." ಆಮೇಲೆ ತಾಯಿಯನ್ನು ನೆನೆದು ನಕ್ಕು, "ನಮ್ಮ ಆಯೀನ ಬಂದ ಹೇಳಿಧಂಗ ಆತು" ಅಂದಳು.

ಸೊಂಟದಷ್ಟು ನೀರಿನಲ್ಲಿ ಮೊದಲ ಪಾಠ. ಎಂದೂ ನೀರಿಗಿಳಿಯದ ಪದ್ಮಾ ಹೇಳಿದಂತೆ ಉಸಿರಾಡುತ್ತಾ ಕೂತುಬಿಟ್ಟಳು. ನಾನು ತಲೆ ಮುಳುಗಿಸಿದೊಡನೆ ಉಸಿರು ತಾನೇ ಕಟ್ಟಿಕೊಳ್ಳುತ್ತಿತ್ತು. ತೆಲಸಂಗದ ಬಾವಿಯ ಚಾಳಿ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮೂರು ಸಲ ಬೈಸಿಕೊಂಡೆ. ಮರುದಿನವೂ ಅದನ್ನೇ ಮಾಡಿ ಮಾಡಿ ಸರಿಹೋದ ಮೇಲೆಯೇ ಅವರು ನಮ್ಮಿಬ್ಬರನ್ನು ಒಳಗೆ ಕರೆದೊಯ್ದರು.

ಎರಡಾಳು ಆಳ ಇದ್ದಿರಬೇಕು. ಅವರು ಮುಂದೆ, ನಾವು ಕೈಕೈ ಹಿಡಿದು ಹಿಂದೆ. ಬಿಸಿಲು ತಳದವರೆಗೂ ಇಳಿದಿತ್ತು. ಹವಳದ ಸಂದಿಯಲ್ಲಿ ಹಳದಿ, ನೀಲಿ ಮೀನುಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದವು. ಅಷ್ಟರಲ್ಲಿ ಒಂದು ಸದ್ದು. ಯಾರೋ ಹುರಿಗಡಲೆ ಕಡಿಯುತ್ತಿದ್ದ ಹಾಗೆ ಕಟಕಟ. ನೋಡಿದರೆ ಗಿಳಿಯಂಥ ಮೂತಿಯ ಒಂದು ಹಸಿರು ಮೀನು ಹವಳದ ಕಲ್ಲನ್ನು ಕಚ್ಚಿ ತಿನ್ನುತ್ತಿದೆ! ಸಮುದ್ರದ ತಳದಲ್ಲಿ ಮೀನು ತಿನ್ನುವ ಸದ್ದು ಕೇಳುತ್ತದೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ನನ್ನ ಗುಳ್ಳೆಗಳ ಗದ್ದಲದಲ್ಲಿ ಅದು ಸರಿಯಾಗಿ ಕೇಳುತ್ತಿರಲಿಲ್ಲ. ಚೆನ್ನಾಗಿ ಕೇಳಲೆಂದು ಎದೆ ತುಂಬ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದೆ.

ಸದ್ದು ಸ್ಪಷ್ಟವಾಗಿ ಕೇಳಿತು. ಆದರೆ ಎದೆ ತುಂಬಿದ ಗಾಳಿಗೆ ನಾನು ಬುರುಡೆಯಂತೆ ಮೇಲೇಳತೊಡಗಿದ್ದೆ. ಪದ್ಮಾಳ ಕೈ ಜಾರಿತು. ಗಾಬರಿಗೆ ಉಸಿರು ಇನ್ನಷ್ಟು ಬಿಗಿಯಾಯಿತು. ಬಿಡಬೇಕೆಂದು ಗೊತ್ತು, ಬಿಡಲು ಆಗುತ್ತಿಲ್ಲ. ಮಗನ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಯಾರೋ ನನ್ನ ಕಾಲು ಹಿಡಿದು ಕೆಳಗೆ ಎಳೆದರು. ಪದ್ಮಾ! ನನ್ನ ಎರಡೂ ಭುಜ ಹಿಡಿದು, ಮುಖಕ್ಕೆ ಮುಖ ತಂದು, ಒಂದು ಕೈಯನ್ನು ತನ್ನ ಎದೆಯ ಮೇಲಿಟ್ಟು ನಿಧಾನವಾಗಿ ಉಸಿರು ಬಿಟ್ಟು ತೋರಿಸಿದಳು. ಗುಳ್ಳೆಗಳು ಎದ್ದವು. ಮತ್ತೊಮ್ಮೆ. ಮಗುವಿಗೆ ಅಕ್ಷರ ತಿದ್ದಿಸುವವರಂತೆ ಇನ್ನೊಮ್ಮೆ. ನಾಲ್ಕನೇ ಸಲಕ್ಕೆ ನನ್ನ ಉಸಿರೂ ಬಿಟ್ಟಿತು. ಕಲಿಸುವವರು ಬಂದು ಕೈ ಹಿಡಿಯುವವರೆಗೂ ಅವಳು ನನ್ನನ್ನು ಬಿಡಲಿಲ್ಲ.

ದಂಡೆಯಲ್ಲಿ ಅವರು ಹಿಂದಿಯಲ್ಲಿ ಏನೋ ಹೇಳಿದರು. ಪದ್ಮಾಳ ಮುಖ ಬಿಳುಚಿತು. "ಏನಂದ್ರ ಬೇ?" ಎಂದು ಕೇಳಿದೆ. "ಉಸರ ಹಿಡಕೊಂಡ ಮ್ಯಾಲ ಬಂದಿದ್ದರ ಶ್ವಾಸಕೋಶ ಹರದ ಹೋಗ್ತಿತ್ತಂತ." ಒತ್ತಡ ಕಡಿಮೆಯಾದರೆ ಗಾಳಿ ಹಿಗ್ಗುತ್ತದೆ ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವಳು ನಾನು! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆದರೆ ನಿಜವಾದ ನಾಚಿಕೆಯ ಸಂಗತಿ ಇನ್ನೂ ಮುಂದಿತ್ತು. ಭೋಜಕ್ಕೆ ಮರಳಿದಾಗ ಕಾಕೂ ಮಗಳ ಮೈದಡವಿ, "ನೀರಾಗ ಏನೂ ತ್ರಾಸ ಆಗ್ಲಿಲ್ಲ?" ಎಂದು ನನ್ನನ್ನು ಕೇಳಿದರು. "ಪದ್ಮಾ ಒಂದೀಟ ಗಾಬರಿ ಆಗಿದ್ಲ್ರಿ ಕಾಕೂ. ನಾ ಕೈ ಹಿಡದ ಉಸರ ಬಿಡಿಸಿದೆ" ಅಂದುಬಿಟ್ಟೆ. ಯಾಕೆ ಹಾಗಂದೆನೋ! ಎದೆ ತಟ್ಟಿಕೊಂಡು ಹೋದವಳಿಗೆ ಬೇರೆ ಮಾತು ಹೊರಡಲಿಲ್ಲ. ಕಾಕೂ ಒಳಗೆ ಹೋಗಿ ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ತಂದು, "ನನ್ನ ಮಗಳನ್ನ ಉಳಿಸಿ ಕೊಟ್ಟಿ ತಾಯಿ" ಎಂದು ಕುಂಕುಮ ಹಚ್ಚಿ ನನ್ನ ಉಡಿ ತುಂಬಿದರು. ಪದ್ಮಾ ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದಳು.

ಬಸ್ ಸ್ಟ್ಯಾಂಡಿನವರೆಗೂ ಕಳಿಸಲು ಬಂದಳು. "ಯಾಕ ಸುಮ್ನ ನಿಂತಿದ್ದಿ?" ಎಂದು ಕೇಳಿದೆ. "ಖರೇ ಹೇಳಿದ್ದರ ಆಯಿ ಇನ್ನ ನಿನ್ನ ಜೋಡಿ ಎಲ್ಲಿಗೂ ಕಳಸ್ತಿದ್ದಿಲ್ಲ. ಈಗ ಕಳಸ್ತಾಳ" ಅಂದಳು.

ಹಾಗೆಯೇ ಆಯಿತು. ಮುಂದೆ ನಾವು ಎಷ್ಟೋ ಊರು ನೋಡಿದೆವು. ಪ್ರತಿ ಸಲವೂ ಕಾಕೂ, "ಶೋಭಾ ಅದಾಳಲ್ಲ, ಅಂಜಿಕಿ ಇಲ್ಲ" ಅನ್ನುತ್ತಿದ್ದರು. ಪ್ರತಿ ಸಲವೂ ನನಗೆ ಚುಚ್ಚುತ್ತಿತ್ತು. ಆ ಖಣವನ್ನು ಇವತ್ತಿಗೂ ಹೊಲಿಸಿಲ್ಲ, ಟ್ರಂಕಿನಲ್ಲಿದೆ.

ಕಾಕೂ ಅವರಿಗೆ ಈಗ ಕಣ್ಣು ಕಾಣುವುದಿಲ್ಲ. ನಿವೃತ್ತಳಾದ ಪದ್ಮಾ ಅವರಿಗೆ ಪತ್ರಿಕೆಯ ಈ ಪುಟವನ್ನು ತಪ್ಪದೆ ಓದಿ ಹೇಳುತ್ತಾಳೆ. ಪದ್ಮಾ, ಇದೊಂದನ್ನು ಹಾರಿಸಿ ಓದಬೇಡ ಮಾರಾಯ್ತಿ. ಕಾಕೂ, ಅಂದು ಉಳಿದದ್ದು ನಾನು. ಆ ಉಡಿ ನಿಮ್ಮ ಮಗಳದು.