ಜಲ್ಲಿ ಗುಡ್ಡೆಗೆ ಸಲಾಕೆ ಚುಚ್ಚುವ ಬೀರಯ್ಯ

ಮೈಸೂರಿನ ನಜರ್‌ಬಾದಿನಲ್ಲಿ ಇನ್ನೂ ಹಾಲಿನವರೂ ಬಂದಿಲ್ಲ. ರಸ್ತೆ ಪಕ್ಕದ ಜಲ್ಲಿ ಗುಡ್ಡೆಗೆ ಬೀರಯ್ಯ ಕಬ್ಬಿಣದ ಸಲಾಕೆ ಚುಚ್ಚುತ್ತಾರೆ. ಒಂದು ಗೇಣು ಕರಕರ ಎಂದ ಸಲಾಕೆ ಆಮೇಲೆ ಸದ್ದಿಲ್ಲದೆ ಇಳಿಯುತ್ತದೆ. "ಮೇಲೆ ಜಲ್ಲಿ, ಒಳಗೆಲ್ಲ ಮಣ್ಣು ಕಣ್ರೀ," ಎನ್ನುತ್ತಾ ಸೊಂಟದ ಡಬ್ಬಿಯಿಂದ ಸುಣ್ಣ ತೆಗೆದು ಕಲ್ಲಿನ ಮೇಲೆ ಗೀಟು ಹಾಕುತ್ತಾರೆ.

ಮಹಾರಾಜರ ಕಾಲದಲ್ಲೇ ಹಳ್ಳಿಯ ಬೇಸಾಯ ಬಿಟ್ಟು ಬಂದು ರಸ್ತೆ ಮಂಡಳಿ ಸೇರಿದವರು. ಇಪ್ಪತ್ತೆರಡು ವರ್ಷ ಜಲ್ಲಿ ಅಳೆಯುವ ಮೇಸ್ತ್ರಿಯಾಗಿದ್ದರು. ದಿನಕ್ಕೆ ನಲವತ್ತು ಗುಡ್ಡೆ, ಒಂದೊಂದಕ್ಕೂ ನಾಲ್ಕು ಕಡೆ ಚುಚ್ಚಬೇಕಿತ್ತು. ಅಂಗೈ ಚಪ್ಪಲಿಯ ಅಟ್ಟೆಯಂತಾಗಿದೆ. ಇವರು ರುಜು ಹಾಕದೆ ಗುತ್ತಿಗೆದಾರನಿಗೆ ಹಣವಿಲ್ಲ ಎಂಬುದು ನಿಯಮ. ನಿಯಮಕ್ಕೇನು, ಕಾಗದದಲ್ಲಿ ಸುಖವಾಗಿದೆ.

ಹೋದ ವರ್ಷ ಮಂಡಳಿಯ ಅಧ್ಯಕ್ಷರು ಜಲ್ಲಿ ಗುತ್ತಿಗೆಯನ್ನು ತಮ್ಮ ಭಾವಮೈದುನನಿಗೇ ಕೊಟ್ಟರು. ಹನ್ನೊಂದು ಗುಡ್ಡೆಯಲ್ಲಿ ಮಣ್ಣು ಸಿಕ್ಕಿತು, ಬೀರಯ್ಯ ರುಜು ಹಾಕಲಿಲ್ಲ. ವಿಚಾರಣೆ ನಡೆಯಿತು. ನಡೆಸಿದವರು ಯಾರು ಅಂತೀರಿ? ಅದೇ ಅಧ್ಯಕ್ಷರು. ಅವರು ಸ್ಥಳಕ್ಕೆ ಬರುವಷ್ಟರಲ್ಲಿ ಹನ್ನೊಂದೂ ಗುಡ್ಡೆ ಹರಡಿ ಮೇಲೆ ರೋಲರ್ ಓಡಿಸಿಯಾಗಿತ್ತು. ಭಾವಮೈದುನನಿಗೆ ಹಣ ಬಂತು, ಬೀರಯ್ಯನವರ ಮೇಸ್ತ್ರಿಗಿರಿ ಹೋಯಿತು. ಈಗ ರಸ್ತೆಯಂಚಿಗೆ ಸುಣ್ಣದ ಗೆರೆ ಎಳೆಯುವ ಕೆಲಸ, ಸಂಬಳ ಅರ್ಧ.

ಆದರೂ ಬೆಳಗಾಗುವ ಮುಂಚೆ ಬಂದು ಚುಚ್ಚುವುದು, ಮಣ್ಣಿದ್ದಲ್ಲಿ ಗೀಟು ಹಾಕುವುದು ಬಿಟ್ಟಿಲ್ಲ. ಗೀಟು ನೋಡಿ ಬೀದಿಯವರು ಜಲ್ಲಿ ಗಾಡಿಗಳನ್ನು ತಡೆಯತೊಡಗಿದರು. ಅಧ್ಯಕ್ಷರಿಗೆ ಮೈಯುರಿಯಿತು. ಕಳೆದ ವಾರ ನೋಟೀಸು ಬಂದಿದೆ: ಮಂಡಳಿಯ ಸುಣ್ಣ ಎರಡು ಬೊಗಸೆ ದುರುಪಯೋಗವಾಗಿದೆ, ಲೆಕ್ಕ ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ವಜಾ. ಒಂದೇ ಮಳೆಗೆ ಕುಸಿದ ರಸ್ತೆಯ ಲೆಕ್ಕ ಕೇಳುವವರಿಲ್ಲ, ಇವರಿಗೆ ಸುಣ್ಣದ ಲೆಕ್ಕ ಬೇಕಂತೆ. ಥೂ.

"ಸುಮ್ನಿದ್ಬುಡಿ ಅಂದೆ. ಕೆಲಸಾನೂ ಹೋದ್ರೆ ಒಲೆ ಹತ್ಸೋದು ಹೆಂಗೆ?" ಹೆಂಡತಿ ನೀಲಮ್ಮನವರಿಗೆ ಸಿಟ್ಟಿದೆ. ಆದರೂ ಮಂಡಳಿಯ ಸುಣ್ಣ ಮುಟ್ಟದಿರಲೆಂದು ಈಗ ಮನೆಯ ಎಲೆಯಡಿಕೆಯ ಸುಣ್ಣದ ಡಬ್ಬಿ ತುಂಬಿಸಿ ಕಳಿಸುವವರು ಅವರೇ.

ಲೆಕ್ಕ ಒಪ್ಪಿಸಿದಿರಾ ಎಂದರೆ ಬೀರಯ್ಯ ಸಲಾಕೆ ಒರೆಸುತ್ತಾ ಹೇಳುತ್ತಾರೆ: "ನೆನ್ನೆ ಕೊಟ್ಬುಟ್ಟೆ. ಸುಣ್ಣ ಖರ್ಚಾಗಿದ್ದು ನಲವತ್ತಾರು ಗುಡ್ಡೆಗೆ. ಯಾವ ಬೀದಿ, ಯಾವ ತಾರೀಕು, ಒಳಗೆ ಎಷ್ಟು ಮಣ್ಣು, ಎಲ್ಲಾ ಬರೆದು ರುಜು ಹಾಕಿದ್ದೀನಿ. ಅವರೇ ಕೇಳಿದ್ದಲ್ವಾ? ತಲುಪಿತು ಅಂತ ಒಂದು ಮೊಹರು ಹಾಕ್ಲಿ ಸಾಕು. ನನ್ನ ತೆಗೆದ್ರೂ ಆ ಕಾಗದ ಆಫೀಸಲ್ಲೇ ಇರ್ತದೆ."