ಹುಲ್ಲಿಗೆ ನೀರು ಬೀಳದ ಗುರುವಾರ

ಜರ್ಮನ್ ಕೋಚ್ ಅತಿಬುದ್ಧಿವಂತಿಕೆ ಮಾಡಲು ಹೋಗಿ ಕೆಲಸ ಕಳೆದುಕೊಂಡ ಎಂಬ ಕತೆಯನ್ನು, ದೋಹಾದ ನಜ್ಮಾದಲ್ಲಿ ನಮ್ಮ ಮನೆಯ ಕೆಳಗೆ ಹೊಲಿಗೆ ಅಂಗಡಿ ಇಟ್ಟಿರುವ ಬಂಟ್ವಾಳದ ಕಾಕ ಇವತ್ತಿಗೂ ಹೇಳುತ್ತಾರೆ. ಪ್ಯಾಂಟಿನ ಅಂಚು ಮಡಚಲು ಕೊಟ್ಟವರು ಕೂಡ ಅದನ್ನು ಕೇಳದೆ ಹೊರಗೆ ಬರುವಂತಿಲ್ಲ. ಎದುರು ತಂಡದಲ್ಲಿ ಗಾಳಿಯ ಹಾಗೆ ಓಡುವ ಒಬ್ಬ ಫಾರ್ವರ್ಡ್ ಇದ್ದನಂತೆ. ಅವನ ವೇಗ ಕಡಿಮೆ ಮಾಡಲು ಮೈದಾನಕ್ಕೆ ನೀರು ಹಾಕಬೇಡಿ ಎಂದು ಕೋಚ್ ಹೇಳಿದನಂತೆ. ಕೊನೆಗೆ ಒಣ ಹುಲ್ಲಿನಲ್ಲಿ ಸಿಕ್ಕಿಕೊಂಡದ್ದು ಸ್ವಂತ ತಂಡದ ಚೆಂಡೇ ಅಂತೆ. “ಡಿಫೆಂಡರ್ ಬುದ್ಧಿ ಮಾರಾಯ್ತಿ, ತಡೆಯುವುದು ಬಿಟ್ಟು ಬೇರೆ ಏನು ಗೊತ್ತುಂಟು ಅವರಿಗೆ?” ಎನ್ನುವಲ್ಲಿಗೆ ಕಾಕನ ಕತೆ ಮುಗಿಯುತ್ತದೆ, ಕತ್ತರಿ ಮತ್ತೆ ಶುರುವಾಗುತ್ತದೆ.

ಕತೆ ಚೆನ್ನಾಗಿದೆ. ಆದರೆ ಕಾಕ ಆ ದಿನ ಮೈದಾನದಲ್ಲಿ ಇರಲಿಲ್ಲ. ಅವರಿಗೆ ಅದನ್ನು ಹೇಳಿದ್ದು ನನ್ನ ಅಪ್ಪ. ಅಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಯಾಕೆಂದರೆ ಆ ಹುಲ್ಲಿಗೆ ನೀರು ಹಾಕಬೇಕಾಗಿದ್ದವರು ಅವರೇ. ಅಂದರೆ ಇಡೀ ದೋಹಾದ ಕರಾವಳಿ ಜನ ನಂಬಿರುವ ಈ ಕತೆಗೆ ಇರುವುದು ಒಬ್ಬರೇ ಸಾಕ್ಷಿ, ಮತ್ತು ಆ ಸಾಕ್ಷಿಗೆ ಕತೆ ಹೀಗೇ ಇದ್ದರೆ ಅನುಕೂಲ. ಲಾ ಕಾಲೇಜಿನ ಮೊದಲ ವರ್ಷದವರು ಕೂಡ ಇಷ್ಟಕ್ಕೆ ಆಕ್ಷೇಪಣೆ ಎಂದು ಎದ್ದು ನಿಲ್ಲುತ್ತಾರೆ. ನಾನು ಮೂರನೇ ವರ್ಷದಲ್ಲಿದ್ದೇನೆ.

ಅಪ್ಪ ಅಲ್ ಅಜೀಜಿಯಾ ಕಡೆಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನಲ್ಲಿ ಗ್ರೌಂಡ್ ಸೂಪರ್‌ವೈಸರ್. ಹುಲ್ಲು ಕತ್ತರಿಸುವುದು, ಗೆರೆ ಎಳೆಸುವುದು, ನೀರು ಬಿಡುವುದು ಅವರ ಕೆಲಸ. ಕೈಕೆಳಗೆ ಇಬ್ಬರು ನೇಪಾಳಿಗಳಿದ್ದಾರೆ. ಅವರಿಗೆ ಮಷಿನ್ ಕೊಡುತ್ತಿದ್ದರು, ಪಿಕಪ್ ಕೂಡ ಕೊಡುತ್ತಿದ್ದರು, ವಾಲ್ವ್ ರೂಮಿನ ಕೀ ಮಾತ್ರ ಕೊಡುತ್ತಿರಲಿಲ್ಲ. ಮರಳಿನ ಊರಿನಲ್ಲಿ ನೀರನ್ನು ಇನ್ನೊಬ್ಬರ ಕೈಗೆ ಬಿಡಬಾರದು ಎಂಬುದು ಅಪ್ಪನ ಹಟ. ಕೀ ಯಾವಾಗಲೂ ಅವರ ಪ್ಯಾಂಟಿನ ಬಲಗಿಸೆಯಲ್ಲಿ.

ಕೋಚ್ ಮೊದಲು ಬಂದದ್ದು ಆಟಗಾರನಾಗಿ. ಜರ್ಮನಿಯಲ್ಲಿ ಭಾರೀ ದೊಡ್ಡ ಹೆಸರು ಎಂದು ಕಾಕ ಹೇಳುತ್ತಾರೆ. ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದೇನೆ, ಅಷ್ಟೇನೂ ದೊಡ್ಡದಲ್ಲ. ಹೆಚ್ಚಿನ ವರ್ಷಗಳು ಎರಡನೇ ದರ್ಜೆಯ ಲೀಗಿನಲ್ಲಿ, ಒಂದೇ ಊರಿನ ತಂಡದಲ್ಲಿ, ಹಿಂದಿನ ಸಾಲಿನ ನಡುವಿನಲ್ಲಿ ನಿಂತು ಕಳೆದವರು. ಹೊಡೆದ ಗೋಲಿನ ಖಾನೆ ಹೆಚ್ಚುಕಡಿಮೆ ಖಾಲಿ. ತಡೆದ ಗೋಲುಗಳಿಗೆ ಖಾನೆಯೇ ಇಲ್ಲ. ಹಾಗಾಗಿ ಅವರು ಒಳ್ಳೆಯ ಡಿಫೆಂಡರೋ ಅಲ್ಲವೋ ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ಮೊಣಕಾಲು ಕೈಕೊಡಲು ಶುರುವಾದ ಮೇಲೆ ಕತಾರಿಗೆ ಬಂದರು, ಎರಡು ಸೀಸನ್ ಆಡಿದರು, ಆಪರೇಷನ್ ಆಯಿತು. ಕ್ಲಬ್ಬಿನವರು ಸಣ್ಣ ಮಕ್ಕಳ ತಂಡಕ್ಕೆ ಕಲಿಸಲು ಇಟ್ಟುಕೊಂಡರು. ಒಂದು ವರ್ಷ ಸೀಸನ್ನಿನ ಮಧ್ಯದಲ್ಲಿ ದೊಡ್ಡ ತಂಡದ ಕೋಚನ್ನು ಕಳಿಸಿಬಿಟ್ಟು, ಹತ್ತಿರದಲ್ಲೇ ಇದ್ದವರು ಎಂದು ಇವರನ್ನು ಆ ಜಾಗಕ್ಕೆ ಹಾಕಿದರು. ಬಂದದ್ದು ಹಾಗೆ. ಹೋದದ್ದೂ ಹಾಗೆಯೇ.

ಅಪ್ಪನ ಇಂಗ್ಲಿಷ್ ಮತ್ತು ಅವರ ಇಂಗ್ಲಿಷ್ ಸೇರಿದರೆ ಸುಮಾರು ಒಂದು ವಾಕ್ಯ ಆಗುತ್ತಿತ್ತು. ಅವರಿಬ್ಬರ ಮಧ್ಯೆ ಇದ್ದ ವಿಷಯವೂ ಒಂದೇ: ನೀರು. ಕೋಚ್ ಆಡುವಾಗಲೂ ಚೆಂಡನ್ನು ದೂರಕ್ಕೆ ಒದೆಯುವವರಲ್ಲ ಎಂದು ಅಪ್ಪ ಹೇಳುತ್ತಿದ್ದರು. ಪಕ್ಕದವನಿಗೆ ಕೊಡು, ಗೋಲ್‌ಕೀಪರಿಗೆ ಕೊಡು, ಮತ್ತೆ ತಗೊ. ತಮ್ಮ ತಂಡಕ್ಕೂ ಅದನ್ನೇ ಕಲಿಸಿದರು. ಆ ಆಟಕ್ಕೆ ಹುಲ್ಲು ಒದ್ದೆ ಇರಬೇಕು, ಆಗ ಚೆಂಡು ಜಾರಿಕೊಂಡು ಬೇಗ ಹೋಗುತ್ತದೆ. ಒಣಗಿದ್ದರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಪ್ರತಿ ಪಂದ್ಯಕ್ಕೆ ಒಂದು ಗಂಟೆ ಮೊದಲು ಅಪ್ಪ ನೀರು ಬಿಡಬೇಕು. ನೀರು ನಿಂತ ಮೇಲೆ ಕೋಚ್ ಬೂಟು ಬಿಚ್ಚಿ ಒಳಗೆ ಬರುತ್ತಿದ್ದರು. ಕೆಟ್ಟ ಮೊಣಕಾಲನ್ನು ಮಡಚಿ ಕೂತು ಅಂಗೈಯನ್ನು ಹುಲ್ಲಿಗೆ ಒತ್ತುತ್ತಿದ್ದರು. ಎದ್ದು ಆ ಕೈಯನ್ನು ಅಪ್ಪನ ಅಂಗಿಯ ಬೆನ್ನಿಗೆ ಒರೆಸುತ್ತಿದ್ದರು. ಅಂಗಿ ಒದ್ದೆಯಾದರೆ ಅಪ್ಪ ಪಾಸ್. ಪಂದ್ಯದ ದಿನದ ಅಂಗಿ ಯಾವುದು ಎಂದು ಅಮ್ಮ ಬೆನ್ನು ನೋಡಿಯೇ ಹೇಳುತ್ತಿದ್ದರು. ಆ ಹಸಿರು ಕಲೆ ತೆಗೆಯಲು ಸೋಪು ಸಾಲುವುದಿಲ್ಲ, ಆ ಮನುಷ್ಯನಿಗೆ ಟವೆಲ್ ಇಲ್ಲವಾ ಎಂದು ಗೊಣಗುತ್ತಿದ್ದರು.

ಈಗ ಆ ಗುರುವಾರ. ನಾನು ಒಂಬತ್ತನೇ ಕ್ಲಾಸು, ಶಾಲೆಯ ಡಿಬೇಟ್ ತಂಡದಲ್ಲಿ ಎರಡನೇ ಸ್ಪೀಕರ್. ಮಧ್ಯಾಹ್ನ ಮೂರೂವರೆಗೆ ಬೇರೆ ಶಾಲೆಗಳ ಜೊತೆ ಫೈನಲ್ ಇತ್ತು. ಅದೇ ಸಂಜೆ ಆರಕ್ಕೆ ಅಪ್ಪನ ಕ್ಲಬ್ಬಿನ ಪಂದ್ಯ, ಸೋತರೆ ಕೆಳಗಿನ ಡಿವಿಷನ್ನಿಗೆ ಇಳಿಯುವಂಥದ್ದು. ನಾನು ಒಂದು ವಾರದಿಂದ ಮನೆಯಲ್ಲಿ ಜಗಳ ಮಾಡುತ್ತಿದ್ದೆ. ಎಲ್ಲರ ಅಪ್ಪಂದಿರು ಬರುತ್ತಾರೆ, ನನ್ನ ಅಪ್ಪ ಒಮ್ಮೆಯೂ ಬಂದಿಲ್ಲ. ಬುಧವಾರ ಬೆಳಿಗ್ಗೆ ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ:

“ನಿಮಗೆ ಮುಖ್ಯ ಹುಲ್ಲಾ, ನಾನಾ?”

ಅಪ್ಪ ಉತ್ತರ ಕೊಡಲಿಲ್ಲ. ಎದುರಿನವರಿಗೆ ಉತ್ತರ ಹೊಳೆಯದಿದ್ದರೆ ಅಂಕ ನಮಗೆ ಎಂದು ಶಾಲೆಯಲ್ಲಿ ಕಲಿಸಿದ್ದರು. ನಾನು ಖುಷಿಯಲ್ಲಿ ಬಸ್ಸು ಹತ್ತಿದೆ.

ಗುರುವಾರ ಅಪ್ಪ ಬಂದರು. ಕೊನೆಯ ಸಾಲಿನಲ್ಲಿ, ಕ್ಲಬ್ಬಿನ ಅಂಗಿಯಲ್ಲೇ ಕೂತಿದ್ದರು. ಪರೀಕ್ಷೆಗಳನ್ನು ರದ್ದು ಮಾಡಬೇಕು ಎಂಬುದು ವಿಷಯ. ಇಂಗ್ಲಿಷಿನಲ್ಲಿ ನಾನು ಹೇಳಿದ್ದರಲ್ಲಿ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಚಪ್ಪಾಳೆ ಮಾತ್ರ ಎಲ್ಲರಿಗಿಂತ ಮೊದಲು ತಟ್ಟಿದರು. ನಾನು ಎದುರು ತಂಡಕ್ಕೆ ಉತ್ತರ ಕೊಡುವಾಗ ಅವರು ಕೈಗಡಿಯಾರ ನೋಡುವುದು ಎರಡು ಸಲ ಕಾಣಿಸಿತು. ಮೊದಲ ಬಹುಮಾನ ನಮಗೇ ಬಂತು, ಆದರೆ ಅದನ್ನು ಹೇಳುವಷ್ಟರಲ್ಲಿ ಕೊನೆಯ ಸಾಲಿನ ಆ ಕುರ್ಚಿ ಖಾಲಿಯಾಗಿತ್ತು. ಗಂಟೆ ಐದು ದಾಟಿತ್ತು.

ಮೈದಾನಕ್ಕೆ ನೀರು ಬೀಳಲಿಲ್ಲ. ಬಂದ ಗೋಲು ಒಂದೇ. ನಮ್ಮ ಡಿಫೆಂಡರ್ ಒಬ್ಬ, ಕೋಚ್ ಕಲಿಸಿದ್ದ ಹಾಗೆಯೇ, ಚೆಂಡನ್ನು ಹಿಂದಕ್ಕೆ ತಮ್ಮ ಗೋಲ್‌ಕೀಪರ್ ಕಡೆಗೆ ತಳ್ಳಿದ. ಚೆಂಡು ಒಣ ಹುಲ್ಲಿನಲ್ಲಿ ನಡುವೆಯೇ ನಿಂತಿತು. ಕಾಕ ಹೇಳುವ ಆ ಗಾಳಿಯಂಥ ಫಾರ್ವರ್ಡ್ ಬಂದು ಅದನ್ನು ತೆಗೆದುಕೊಂಡು ಹೋದ.

ಪಂದ್ಯ ಮುಗಿದ ಕೂಡಲೇ ಮುದೀರ್, ಅಂದರೆ ಕ್ಲಬ್ಬಿನ ಮ್ಯಾನೇಜರ್, ಕೋಚನ್ನೂ ಅಪ್ಪನನ್ನೂ ಆಫೀಸಿಗೆ ಕರೆಸಿದರು. ಅಲ್ಲಿ ನಡೆದದ್ದನ್ನು ಅಪ್ಪ ನಮಗೆ ಎಷ್ಟು ಸಲ ಹೇಳಿದ್ದಾರೋ, ಒಂದು ಪದವೂ ಆಚೀಚೆ ಆಗಿಲ್ಲ. ನೀರು ಯಾಕೆ ಹಾಕಿಲ್ಲ ಎಂದು ಮುದೀರ್ ಕೇಳಿದರು. ಅಪ್ಪ ನೆಲ ನೋಡುತ್ತಿದ್ದರು. ಕೋಚ್ ಒಮ್ಮೆ ಅಪ್ಪನ ಮುಖ ನೋಡಿ, ಆಮೇಲೆ ಮುದೀರ್ ಕಡೆ ತಿರುಗಿ ಹೇಳಿದರು:

“ನಾನೇ ಹೇಳಿದ್ದು. ನೀರು ಬೇಡ ಅಂತ. ನನ್ನ ತೀರ್ಮಾನ.”

ಮುದೀರ್ ಒಂದೇ ಪದ ಹೇಳಿದರಂತೆ, ಖಲಾಸ್. ಅದು ಕೋಚಿಗೆ. ಶನಿವಾರ ಅವರು ತಮ್ಮ ಲಾಕರ್ ಖಾಲಿ ಮಾಡಿದರು. ಅಪ್ಪನ ಕೆಲಸ ಉಳಿಯಿತು. ಅಪ್ಪನ ವೀಸಾ ಉಳಿದರೆ ಅಮ್ಮನದೂ ನನ್ನದೂ ಉಳಿದ ಹಾಗೆ. ನಾನು ಅದೇ ಶಾಲೆಯಲ್ಲಿ ಹನ್ನೆರಡನೇ ಕ್ಲಾಸಿನವರೆಗೆ ಓದಿದೆ, ಇನ್ನೂ ಮೂರು ಕಪ್ ಗೆದ್ದೆ.

ಅಪ್ಪನ ವಾದ ಸರಳ. ಕೋಚ್ ಬೆಳಿಗ್ಗೆಯೇ ನೀರು ಬೇಡ ಎಂದಿದ್ದರು, ಆದ್ದರಿಂದ ಸಂಜೆ ಕೆಲಸ ಇರಲಿಲ್ಲ, ಆದ್ದರಿಂದ ಡಿಬೇಟಿಗೆ ಬಂದೆ ಎನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಬಹಳ ವರ್ಷ ನಾನೂ ನಂಬಿದ್ದೆ.

ಆದರೆ ಕೆಲಸ ಇಲ್ಲದವರು ಕೈಗಡಿಯಾರ ಯಾಕೆ ನೋಡಬೇಕು? ಮಗಳ ಫಲಿತಾಂಶಕ್ಕೆ ಹತ್ತು ನಿಮಿಷ ಯಾಕೆ ಕಾಯಲಿಲ್ಲ? ಪ್ರತಿ ಪಂದ್ಯಕ್ಕೂ ನೀರು ಕೇಳಿದ ಮನುಷ್ಯ, ಇಳಿಯುವುದೋ ಉಳಿಯುವುದೋ ಎಂಬ ದಿನ ಮಾತ್ರ ತಾನು ಕಲಿಸಿದ ಆಟವನ್ನೇ ಕೆಡಿಸುವ ಮೈದಾನ ಕೇಳುತ್ತಾನಾ? ಒಣ ಹುಲ್ಲಿನಲ್ಲಿ ಹಿಂದಕ್ಕೆ ಕೊಟ್ಟ ಚೆಂಡು ಎಲ್ಲಿ ನಿಲ್ಲುತ್ತದೆ ಎಂಬುದು ಒಬ್ಬ ಡಿಫೆಂಡರಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರುತ್ತದೆ?

ಹೋದ ರಜೆಯಲ್ಲಿ ಅಮ್ಮನನ್ನು ಕೇಳಿದೆ. ಆ ದಿನದ ಅಂಗಿ ಅಮ್ಮನಿಗೆ ನೆನಪಿದೆ, ಯಾಕೆಂದರೆ ಅದು ಸುಲಭವಾಗಿ ತೊಳೆದುಹೋಯಿತು. ಹಸಿರು ಇರಲಿಲ್ಲ. ಬೆನ್ನಿನಲ್ಲಿ ಅಂಗೈ ಅಗಲದ ಧೂಳು ಇತ್ತು, ಅಷ್ಟೇ. ಅಂದರೆ ಕೋಚ್ ಆ ದಿನವೂ ಹುಲ್ಲು ಮುಟ್ಟಿ ನೋಡಿದ್ದರು. ನೀರು ಬೇಡ ಎಂದು ತಾವೇ ಹೇಳಿದವರು ನೀರು ಬಿದ್ದಿದೆಯಾ ಎಂದು ಯಾಕೆ ನೋಡಬೇಕು?

ಎದುರು ಪಕ್ಷದ ಮಾತನ್ನೂ ನಾನೇ ಹೇಳಿಬಿಡುತ್ತೇನೆ. ದೋಹಾದಲ್ಲಿ ಧೂಳು ಇಲ್ಲದ ಅಂಗಿ ಯಾರದ್ದು? ಬೇಡ ಎಂದವರು ಹೇಳಿದ ಹಾಗೆ ಆಗಿದೆಯಾ ಎಂದು ನೋಡಲೂ ಮುಟ್ಟಬಹುದು. ಸೋತ ತಂಡದ ಕೋಚನ್ನು ಹೇಗೂ ಕಳಿಸುತ್ತಿದ್ದರು. ಹೋಗುವುದು ಖಚಿತ ಇದ್ದವರಿಗೆ ಇನ್ನೊಬ್ಬರ ತಪ್ಪು ಹೊತ್ತುಕೊಳ್ಳುವುದರಿಂದ ನಷ್ಟವೇನೂ ಇಲ್ಲ. ಇದನ್ನೆಲ್ಲ ನಾನು ಒಪ್ಪಬಲ್ಲೆ. ಒಪ್ಪಿದರೆ ನನಗೂ ಅನುಕೂಲ. ಒಪ್ಪದಿದ್ದರೆ, ಬುಧವಾರ ಬೆಳಿಗ್ಗೆ ನಾನು ಗೆದ್ದ ವಾದಕ್ಕೆ ಒಬ್ಬರು ಕೆಲಸ ಕಳೆದುಕೊಂಡಿದ್ದಾರೆ ಎಂದಾಗುತ್ತದೆ.

ಕೋಚ್ ಈಗ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಶಾಲಾ ವಯಸ್ಸಿನವರ ತಂಡಕ್ಕೆ ಕಲಿಸುತ್ತಾರೆ. ಆ ತಂಡದ ವೆಬ್‌ಸೈಟಿನಲ್ಲಿ ಇಮೇಲ್ ವಿಳಾಸ ಸಿಕ್ಕಿತು. ನಾನು ಯಾರ ಮಗಳು ಎಂದು ತಿಳಿಸಿ, ನೀರು ಬೇಡ ಎಂದು ನೀವು ನಿಜವಾಗಿ ಹೇಳಿದ್ದಿರಾ ಎಂದು ಬರೆದೆ. ಎರಡು ವಾರ ಬಿಟ್ಟು ಮೂರು ಸಾಲು ಬಂತು. ಹೌದು, ಹೇಳಿದ್ದೆ, ಆ ಆಫೀಸಿನಲ್ಲಿದ್ದ ಎಲ್ಲರೂ ಕೇಳಿಸಿಕೊಂಡಿದ್ದಾರೆ. ಇಲ್ಲಿ ಮಳೆಯೇ ನೀರು ಹಾಕುತ್ತದೆ, ಆದರೆ ನಿಮ್ಮ ತಂದೆಯಷ್ಟು ಸಮ ಹಾಕುವುದಿಲ್ಲ. ಅವರ ಬೆನ್ನಿಗೆ ನನ್ನ ನಮಸ್ಕಾರ ತಿಳಿಸಿ.

ತಪ್ಪಿಸಿಕೊಳ್ಳುವ ಉತ್ತರ ಹೇಗಿರಬೇಕು ಎಂದು ಜೂನಿಯರುಗಳಿಗೆ ತೋರಿಸಲು ಈ ಇಮೇಲನ್ನು ಇಟ್ಟುಕೊಂಡಿದ್ದೇನೆ. ಆಫೀಸಿನಲ್ಲಿದ್ದವರು ಕೇಳಿಸಿಕೊಂಡದ್ದು ಪಂದ್ಯದ ನಂತರದ ಮಾತನ್ನು. ನಾನು ಕೇಳಿದ್ದು ಅದಕ್ಕೆ ಮೊದಲಿನ ಮಾತಿನ ಬಗ್ಗೆ. ಇಡೀ ಜೀವನ ಚೆಂಡನ್ನು ಗೋಲಿನ ಹತ್ತಿರ ಬಿಡದವರು ನನ್ನನ್ನು ಬಿಡುತ್ತಾರಾ?

ಉಳಿದದ್ದು ಅಪ್ಪ. ಕಾಲೇಜಿನಿಂದ ಈ ರಜೆಗೆ ದೋಹಾಕ್ಕೆ ಬಂದಾಗ ಒಂದು ದಿನ ಅವರ ಪಿಕಪ್ಪಿನಲ್ಲಿ ಮೈದಾನಕ್ಕೆ ಹೋದೆ. ನಮಸ್ಕಾರ ತಿಳಿಸಿದೆ. ಅಪ್ಪ ನಕ್ಕರು, ಮೊಣಕಾಲು ಹೇಗುಂಟಂತೆ ಎಂದು ಕೇಳಿದರು, ಅದರ ಬಗ್ಗೆ ಬರೆದಿಲ್ಲ ಎಂದೆ. ಐದು ಗಂಟೆಗೆ ವಾಲ್ವ್ ರೂಮಿನ ಕಡೆ ನಡೆದೆವು. ನಾವು ತಲುಪುವ ಮೊದಲೇ ಬಾಗಿಲು ತೆರೆದಿತ್ತು. ನೇಪಾಳಿಯೊಬ್ಬರು ತಮ್ಮ ಕೊರಳಿನ ದಾರದಲ್ಲಿದ್ದ ಕೀಯಿಂದ ಬೀಗ ತೆಗೆದು ಒಳಗೆ ನಿಂತಿದ್ದರು. ಇನ್ನೊಂದು ಕೀ ಯಾವಾಗ ಮಾಡಿಸಿದ್ದು ಎಂದು ಅಪ್ಪನನ್ನು ಕೇಳಿದೆ. ಬಹಳ ವರ್ಷವಾಯಿತು, ನೀನು ಒಂಬತ್ತನೆಯಲ್ಲಿ ಇರುವಾಗ, ಎಂದರು. ಹೇಳಿದ ಮೇಲೆ ನನ್ನ ಕಡೆ ನೋಡಲಿಲ್ಲ. ವಾಲ್ವಿಗೆ ಕೈ ಹಾಕಿ ತಿರುಗಿಸಿದರು. ಪೈಪಿನೊಳಗೆ ನೀರು ಬರುವ ಸದ್ದಾಯಿತು, ಹೊರಗೆ ಹುಲ್ಲಿನ ಮೇಲೆ ಒಂದೊಂದೇ ಕಾರಂಜಿ ಎದ್ದಿತು. ನಾನು ಈ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದೆ.

“ಅಪ್ಪ, ನೀರು ಬೇಡ ಎಂದು ಕೋಚ್ ಹೇಳಿದ್ದು ನೀವು ನನ್ನ ಡಿಬೇಟಿಗೆ ಬರುವ ಮೊದಲಾ, ಆಮೇಲಾ?”