ಒಂದು ಕೈಯ ಹೊಲಿಗೆ, ಒಂದು ತರಗತಿಯ ತಕರಾರು

ಕೆ.ಆರ್. ಪುರದ ಆಚೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಬೌದ್ಧಿಕ ಆಸ್ತಿ ಹಕ್ಕುಗಳ ಪಾಠ ಮಾಡುತ್ತೇನೆ. ಪೇಟೆಂಟ್, ಕಾಪಿರೈಟ್, ಟ್ರೇಡ್‌ಮಾರ್ಕ್ ಇತ್ಯಾದಿ. ಕೊನೆಯ ವರ್ಷದ ಮಕ್ಕಳಿಗೆ ಇದು ಪಾಸಾದರೆ ಸಾಕೆನ್ನುವ ವಿಷಯ. ನನ್ನ ಪೀರಿಯಡ್ಡು ಊಟವಾದ ಮೇಲೆ ಬರುತ್ತಿತ್ತು. ಕಾನೂನಿನ ಕಲಮುಗಳನ್ನು ವಿವರಿಸುತ್ತಿದ್ದರೆ ಹಿಂದಿನ ಬೆಂಚುಗಳಲ್ಲಿ ತಲೆಗಳು ಒಂದೊಂದಾಗಿ ವಾಲುತ್ತಿದ್ದವು.

ಆ ತೂಕಡಿಕೆ ಓಡಿಸಲೆಂದೇ ಒಂದು ಮಧ್ಯಾಹ್ನ ಎಲ್ಲರನ್ನೂ ಕಂಪ್ಯೂಟರ್ ಲ್ಯಾಬಿಗೆ ಎಬ್ಬಿಸಿಕೊಂಡು ಹೋದೆ. ಪ್ರಕಟವಾದ ಪೇಟೆಂಟ್ ಅರ್ಜಿಗಳನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು.

"ನಿಮ್ಮನೇಲಿರೋ ಒಂದು ವಸ್ತು ತಗೊಳ್ಳಿ. ಅದರ ಮೇಲೆ ಯಾರ್ಯಾರು ಹಕ್ಕು ಕೇಳಿದಾರೆ ಹುಡುಕಿ," ಎಂದೆ.

ಒಬ್ಬ ಕುಕ್ಕರ್ ಹುಡುಕಿದ, ಇನ್ನೊಬ್ಬ ಹೆಲ್ಮೆಟ್ ಹುಡುಕಿದ. ಶಿವಾಜಿನಗರದಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಹೊಲಿಗೆ ಯಂತ್ರ ಎಂದು ಹಾಕಿದಳು. ತರಗತಿಯಲ್ಲಿ ಹೆಚ್ಚು ಮಾತಾಡುವವಳಲ್ಲ. ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಂತಳು.

"ಮ್ಯಾಮ್, ಇಲ್ಲಿ ಬನ್ನಿ. ಇದು ನಂದು."

ಪರದೆಯ ಮೇಲೆ ಒಂದು ಚಿತ್ರವಿತ್ತು. ಹೊಲಿಗೆ ಯಂತ್ರದ ಸೂಜಿಯ ಪಕ್ಕಕ್ಕೆ ಸಿಕ್ಕಿಸುವ, ಸ್ಪ್ರಿಂಗ್ ಇರುವ ಒಂದು ಹಿಡಿಕೆ. ಅವಳ ಖಾಲಾಗೆ, ಎಂದರೆ ತಾಯಿಯ ತಂಗಿಗೆ, ಪಾರ್ಶ್ವವಾಯು ಹೊಡೆದು ಎಡಗೈ ಸ್ವಾಧೀನ ತಪ್ಪಿತ್ತು. ಹೊಲಿಗೆಯಿಂದಲೇ ಮನೆ ನಡೆಸುತ್ತಿದ್ದ ಆ ಹೆಂಗಸು ಬಟ್ಟೆ ಹಿಡಿಯಲಾರದೆ ಸುಮ್ಮನೆ ಕೂತಿದ್ದನ್ನು ನೋಡಲಾರದೆ, ಎಡಗೈಯ ಕೆಲಸ ಮಾಡುವ ಈ ಹಿಡಿಕೆಯನ್ನು ಇವಳು ಎರಡನೇ ವರ್ಷದಲ್ಲೇ ಮಾಡಿದ್ದಳು. ಕಾಲೇಜಿನ ವಸ್ತುಪ್ರದರ್ಶನಕ್ಕೆ ಖಾಲಾನೇ ಬಂದು, ಎಲ್ಲರೆದುರು ಒಂದೇ ಕೈಯಲ್ಲಿ ಕುರ್ತಾದ ತೋಳು ಹೊಲಿದು ತೋರಿಸಿದ್ದರು. ಹೊಲಿಗೆ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯವರು ಅಂದು ಬಹಳ ಹೊಗಳಿ, ಸುತ್ತಲೂ ನಿಂತು ಫೋಟೊ ತೆಗೆದುಕೊಂಡು ಹೋಗಿದ್ದರು. ಪರದೆಯ ಮೇಲಿದ್ದ ಅರ್ಜಿ ಅದೇ ಕಂಪನಿಯದು. ಪ್ರದರ್ಶನ ಮುಗಿದ ಮೇಲೆ ಹಾಕಿದ್ದು.

ಪೇಟೆಂಟ್ ಇನ್ನೂ ಮಂಜೂರಾಗಿಲ್ಲ ಎಂಬುದನ್ನು ನಾನು ಮೊದಲು ಖಾತ್ರಿ ಮಾಡಿಕೊಂಡೆ.

"ಮಂಜೂರಾಗೋಕ್ಕೆ ಮುಂಚೆ ಯಾರು ಬೇಕಾದ್ರೂ ತಕರಾರು ಹಾಕಬಹುದು. ಹೋದ ವಾರ ಹೇಳಿದ್ದೆ," ಎಂದೆ.

"ಯಾರು ಬೇಕಾದ್ರೂ ಅಂದ್ರೆ? ನಾವೂನಾ?" ಎಂದು ಕೇಳಿದ್ದು, ಆವರೆಗೆ ನನ್ನ ಪಾಠದಲ್ಲಿ ಬಾಯಿ ಬಿಟ್ಟಿರದ ಒಬ್ಬ ಹುಡುಗ.

"ನೀವೂನೂ."

"ಹಾಕ್ಬಿಡೋಣ ಗುರು!" ಎಂದು ಅವನು ಪಕ್ಕದವನ ಬೆನ್ನಿಗೆ ಗುದ್ದಿದ.

ವಿಭಾಗದ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. "ಅವ್ರು ಕ್ಯಾಂಪಸ್ಸಿಗೆ ಬಂದು ಕೆಲ್ಸ ಕೊಡೋರು ಮೇಡಂ. ಅವರ ಜೊತೆ ಯಾಕ್ರೀ ಜಗಳ?" ಎಂದರು.

"ಕಾಲೇಜಿನ ಹೆಸರಲ್ಲಿ ಹಾಕಲ್ಲ ಸರ್. ಅವಳ ಹೆಸರಲ್ಲೇ ಹಾಕ್ತೀವಿ. ಪಾಠ ಮಾಡಬೇಡಿ ಅಂತ ಮಾತ್ರ ಹೇಳಬೇಡಿ," ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮುಂದಿದ್ದ ಫೈಲು ತೆರೆದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಆಮೇಲಿನ ದಿನಗಳಲ್ಲಿ ಪಾಠವೆಂದರೆ ಅದೊಂದೇ. ಕೆಲವರು ಕಂಪನಿಯ ಅರ್ಜಿಯನ್ನು ಸಾಲುಸಾಲಾಗಿ ಓದಿದರು, ಕೆಲವರು ಪ್ರದರ್ಶನದ ವಿಡಿಯೊಗಳನ್ನು ಹುಡುಕಿದರು. ಖಾಲಾ ಹೊಲಿಯುತ್ತಿದ್ದ ವಿಡಿಯೊವನ್ನು ಯಾರೋ ಅಂದೇ ಇಂಟರ್‌ನೆಟ್ಟಿಗೆ ಹಾಕಿದ್ದರು. ಅದು ಇನ್ನೂ ಹಾಗೇ ಇತ್ತು. ಬರೆದು ತಂದ ತಕರಾರನ್ನು ನಾನು ಪದೇ ಪದೇ ತಿದ್ದಿಸಿದೆ. "ಕಳ್ಳರು ಅಂತ ಬರೀಬೇಡಿ. ಇದು ಮೊದಲೇ ಇತ್ತು ಅಂತ ತೋರಿಸಿ, ಸಾಕು," ಎಂದಾಗ ಹುಡುಗರ ಮುಖ ಸಪ್ಪಗಾಯಿತು.

ಖಾಲಾರ ಹೇಳಿಕೆ ಪಡೆಯಲು ನಾನೂ ಅವಳ ಜೊತೆ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗೆ ಹೋದೆ. ಕಿಟಕಿಯ ಪಕ್ಕ ಯಂತ್ರ ಹಾಕಿಕೊಂಡು ಕೂತಿದ್ದ ಖಾಲಾ, "ಕೋರ್ಟು ಗೀರ್ಟಿಗೆ ನಾನು ಬರಲ್ಲ ಟೀಚರಮ್ಮ," ಎಂದರು. ಕೋರ್ಟಲ್ಲ, ಆನ್‌ಲೈನ್ ವಿಚಾರಣೆ ಎಂದು ವಿವರಿಸಿದ ಮೇಲೆ, "ಹೌದಾ? ಹಂಗಾದ್ರೆ ಈ ಮಷೀನೂ ತಗೊಂಡು ಹೋಗಿ. ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?" ಎಂದರು.

ವಿಚಾರಣೆ ಬೆಳಿಗ್ಗೆ ಇತ್ತು. ಕಾಲೇಜಿನ ಸೆಮಿನಾರ್ ಹಾಲಿನ ದೊಡ್ಡ ಪರದೆಯ ಮುಂದೆ ತರಗತಿಯೆಲ್ಲ ಕೂತಿತ್ತು. ಅವಳೇ ವಾದ ಮಂಡಿಸಬೇಕು ಎಂದು ನಾನು ಹಟ ಹಿಡಿದಿದ್ದೆ. ಕಂಪನಿಯ ವಕೀಲರು ಚೆನ್ನಾಗಿಯೇ ಮಾತಾಡಿದರು. ವಿಡಿಯೊದಲ್ಲಿರುವುದು ಬರೀ ಹಿಡಿಕೆ. ತಮ್ಮದರ ಅಂಚಿನಲ್ಲಿರುವ ಕಚ್ಚು ಹೊಸ ಶೋಧ, ತೂಕ ಕಡಿಮೆ ಮಾಡಲು ಕೊರೆದದ್ದು ಎಂದರು.

ಅವಳು ಮೈಕ್ ಹತ್ತಿರ ಎಳೆದುಕೊಂಡಳು. "ಸರ್, ಆ ಕಚ್ಚು ತೂಕಕ್ಕಲ್ಲ. ನಮ್ಮ ಖಾಲಾ ಗಾಜಿನ ಬಳೆ ಹಾಕ್ತಾರೆ. ಬಟ್ಟೆ ತಿರುಗಿಸುವಾಗ ಬಳೆ ಹಿಡಿಕೆಗೆ ಬಡಿದು ಒಡೀತಿತ್ತು. ಬಳೆ ತಾಗದೆ ಹಾದುಹೋಗ್ಲಿ ಅಂತ ನಾನು ಅಷ್ಟು ಜಾಗ ಕೊರೆದೆ. ವಿಡಿಯೊ ನಿಧಾನವಾಗಿ ಹಾಕ್ತೀನಿ, ನೋಡಿ."

ವಿಡಿಯೊದಲ್ಲಿ ಖಾಲಾರ ಬಲಗೈ ಬಟ್ಟೆಯನ್ನು ತಿರುಗಿಸಿತು. ಹಸಿರು ಬಳೆಗಳು ಆ ಕಚ್ಚಿನೊಳಗಿಂದ ಎಲ್ಲೂ ತಾಗದೆ ಜಾರಿಹೋದವು. ವಿಚಾರಣೆ ನಡೆಸುತ್ತಿದ್ದ ಪೇಟೆಂಟ್ ಕಚೇರಿಯ ಅಧಿಕಾರಿ, "ಇನ್ನೊಂದ್ಸಲ ಹಾಕಿ," ಎಂದರು. ಮತ್ತೆ ನೋಡಿ, ವಕೀಲರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಲಿಖಿತವಾಗಿ ಸಲ್ಲಿಸುತ್ತೇವೆ ಎಂದರು ಅವರು. ಸೆಮಿನಾರ್ ಹಾಲಿನ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದ ನಮ್ಮ ಮುಖ್ಯಸ್ಥರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಲು ಹೋದರು. ಮೈಕ್ ಇನ್ನೂ ಆನ್ ಇದೆ ಎಂದು ನಾನು ಕೈಸನ್ನೆ ಮಾಡಿದೆ.

ಕಂಪನಿಯ ಅರ್ಜಿ ತಿರಸ್ಕೃತವಾಯಿತು. ಆದೇಶ ಬಂದ ದಿನ ಅವಳು ಕಾರಿಡಾರಿನ ಆ ತುದಿಯಿಂದ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಪಾಠ ಮಾಡಿದ್ದು ಕಣ್ಣೆದುರಿಗೇ ನಿಜವಾಗುವ ಭಾಗ್ಯ ಮೇಷ್ಟರಿಗೆ ಎಷ್ಟು ಸಲ ಸಿಕ್ಕೀತು? ನನ್ನ ಕಾಲು ನೆಲದ ಮೇಲಿರಲಿಲ್ಲ. ಅವಳ ಹಿಂದೆಯೇ ಬಂದ ಹುಡುಗರು ನನ್ನನ್ನು ಕ್ಯಾಂಟೀನಿಗೆ ಮೆರವಣಿಗೆಯಲ್ಲೇ ಕರೆದೊಯ್ದರು.

ಅಲ್ಲಿ ಅವಳಿಗೆ ಹೇಳಲೇಬೇಕಾದ ಒಂದು ಮಾತು ಉಳಿದಿತ್ತು. "ಎಲ್ಲರೆದುರು ತೋರಿಸಿಬಿಟ್ಟಿದ್ದೀಯ. ಇದರ ಪೇಟೆಂಟ್ ಈಗ ನಿನಗೂ ಸಿಗಲ್ಲ."

"ಗೊತ್ತು ಮ್ಯಾಮ್, ಆ ಚಾಪ್ಟರ್ ಓದಿದೀನಿ," ಎಂದು ನಕ್ಕಳು. "ಅದನ್ನ ಯಾರ್ ಬೇಕಾದ್ರೂ ಮಾಡ್ಕೊಳ್ಳಲಿ. ಶಿವಾಜಿನಗರದಲ್ಲಿ ಆಗ್ಲೇ ಮಾಡ್ತಿದಾರೆ. ಹೊಸದೊಂದಿದೆ. ಮೊಣಕಾಲಿಂದ ಬಟ್ಟೆ ತಿರುಗಿಸೋದು. ಇನ್ನೂ ಯಾರಿಗೂ ತೋರಿಸಿಲ್ಲ. ನಿಮಗೂ ತೋರಿಸಲ್ಲ, ಮೊದಲು ಅರ್ಜಿ ಹಾಕೋಣ."

ಮೊಣಕಾಲಿನ ಉಪಾಯ ಯಾರಿಗೆ ಹೊಳೆದದ್ದು ಎಂದು ಕೇಳಿದೆ. ಖಾಲಾಗೆ, ಎಂದಳು. ಹಾಗಿದ್ದರೆ ಅವರೂ ಆವಿಷ್ಕಾರಕರೇ, ಕಾನೂನಿನ ಪ್ರಕಾರ ಅವರ ಹೆಸರೂ ಬರಲೇಬೇಕು ಎಂದೆ. ಮುಂದಿನ ಭಾನುವಾರ ಅದೇ ಗಲ್ಲಿಯಲ್ಲಿ, ಖಾಲಾ ಹೊಲಿಯುತ್ತಿದ್ದ ಬಟ್ಟೆಯನ್ನು ಬದಿಗಿಟ್ಟು, ಹೊಸ ಅರ್ಜಿಯಲ್ಲಿ ಆವಿಷ್ಕಾರಕರು ಎಂದು ಅಚ್ಚಾಗಿದ್ದ ಜಾಗದಲ್ಲಿ ಉರ್ದುವಿನಲ್ಲಿ ಸಾವಕಾಶವಾಗಿ ಸಹಿ ಹಾಕಿದರು. ಬಾಗಿಲಲ್ಲಿ ನೆರೆಮನೆಯ ಹೆಂಗಸರೆಲ್ಲ ನೆರೆದಿದ್ದರು. ಖಾಲಾ ತಲೆಯೆತ್ತಿ ಅವರತ್ತ ನೋಡಿ, "ಕಂಡ್ರಾ? ಈಗ ನಾವೂ ಎಂಜಿನಿಯರ್ರು!" ಎಂದರು.